ಮೈಲಿಗೆ ಆಗಿದೆ ಅಂದಿದ್ದಳು ಚೌಡಿ

2019ರ ಜನವರಿ. ಮಗಳಿಗೆ ಆಗ ಹನ್ನೆರಡು. ರಾತ್ರಿ ಊಟ ಮುಗಿದ ಮೇಲೆ ಇಬ್ಬರೂ ಒಂದೇ ರಗ್ಗಿನೊಳಗೆ ಕಾಲು ತೂರಿಸಿಕೊಂಡು ಪುಸ್ತಕ ಓದುತ್ತಿದ್ದೆವು. ನಾನು ಇಂಗ್ಲಿಷಿನಲ್ಲಿ ಒಂದು ಪುಟ ಗಟ್ಟಿಯಾಗಿ ಓದುವುದು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುವುದು. ಅವಳಿಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಿತ್ತು. ಆದರೂ "ನೀನು ಹೇಳಿದ್ರೇನೇ ಅದು ಕಥೆ ಅನ್ಸೋದು" ಅನ್ನುತ್ತಿದ್ದಳು.

ಆ ತಿಂಗಳು ಕೈಗೆತ್ತಿಕೊಂಡಿದ್ದು ಉರ್ಸುಲಾ ಲೆ ಗ್ವಿನ್ ಅವರ ‘ದಿ ಟೂಮ್ಸ್ ಆಫ್ ಅಟುವಾನ್’, 1971ರ ಕಾದಂಬರಿ. ಹಿಂದಿನ ವರ್ಷ ಜನವರಿಯಲ್ಲಿ ಲೇಖಕಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ನೋಡಿ ತಂದಿಟ್ಟಿದ್ದೆ. ದ್ವೀಪಗಳು, ಮಂತ್ರವಾದಿಗಳು, ಡ್ರ್ಯಾಗನ್‌ಗಳು ಇರುವ ಒಂದು ಲೋಕದ ಕಥೆಗಳ ಸಾಲಿನಲ್ಲಿ ಇದು ಎರಡನೆಯದು. ಮಕ್ಕಳ ಪುಸ್ತಕ ಎಂದುಕೊಂಡೇ ಬಿಡಿಸಿದೆ.

ಶುರುವಾಗುವುದು ಒಂದು ಸೇಬಿನ ತೋಟದಲ್ಲಿ, ಮುಚ್ಚಂಜೆ ಹೊತ್ತಿನಲ್ಲಿ. ತೋಟದಲ್ಲಿ ಓಡಾಡುತ್ತಿರುವ ಮಗಳನ್ನು ತಾಯಿ ಮನೆಗೆ ಕರೆಯುತ್ತಿದ್ದಾಳೆ. ಮಗುವಿನ ಹೆಸರು ತೆನಾರ್. ಅಷ್ಟು ಅಕ್ಕರೆ ಇಟ್ಟುಕೊಳ್ಳಬೇಡ, ಹೇಗೂ ಒಂದು ದಿನ ಬಂದು ಕರೆದುಕೊಂಡು ಹೋಗುತ್ತಾರೆ ಅನ್ನುವ ಭಾವದಲ್ಲಿ ಅಪ್ಪ ಮಾತಾಡುತ್ತಾನೆ. ಹಾಗೇ ಆಗುತ್ತದೆ. ಸತ್ತ ಪೂಜಾರಿಣಿಯೇ ಮತ್ತೆ ಹುಟ್ಟಿ ಬಂದಿದ್ದಾಳೆ ಎಂದು ಐದನೇ ವರ್ಷಕ್ಕೆ ಅವಳನ್ನು ದೂರದ ಮರಳುಗಾಡಿನ ಗುಡಿಗೆ ಒಯ್ಯುತ್ತಾರೆ. ಮರುವರ್ಷ ಅವಳ ಹೆಸರನ್ನೇ ಕಿತ್ತುಕೊಂಡು ‘ಅರ್ಹಾ’ ಅನ್ನುತ್ತಾರೆ. ಆ ಗುಡಿಯ ದೇವರುಗಳಿಗೆ ಹೆಸರಿಲ್ಲ. ಅವರು ನೆಲದಡಿಯ ಕತ್ತಲಲ್ಲಿ ಇರುವವರು, ಅವಳನ್ನು ತಿಂದುಬಿಟ್ಟವರು. ‘ಅರ್ಹಾ’ ಅಂದರೆ ಅದೇ ಅರ್ಥ.

ಅದನ್ನು ಕನ್ನಡದಲ್ಲಿ ಹೇಳಲು ಹೋಗಿ ತಡವರಿಸಿದೆ. ‘ತಿನ್ನಲ್ಪಟ್ಟವಳು’ ಅಂದರೆ ವ್ಯಾಕರಣದ ಪಾಠ ಹೇಳಿದ ಹಾಗಾಗುತ್ತದೆ. ಹುಡುಕುತ್ತಿದ್ದ ಹಾಗೇ, ಯಾವ ಯೋಚನೆಯೂ ಇಲ್ಲದೆ, ನನ್ನ ಬಾಯಿಂದ ಬಂದದ್ದು: "ಚೌಡಿ ತಿಂದ ಹುಡುಗಿ."

"ಚೌಡಿ ಅಂದ್ರೆ ಯಾರಮ್ಮ?" ಅಂದಳು ಮಗಳು.

ಮೂವತ್ತಮೂರು ವರ್ಷದಿಂದ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಪುಸ್ತಕ ಮುಚ್ಚಿ, ನಾಳೆ ಓದೋಣ ಮಲಗು ಅಂದೆ.

ನಮ್ಮೂರು ಸಾಗರ ತಾಲ್ಲೂಕಿನ ಕಾಡಂಚಿನ ಹಳ್ಳಿ. ಮನೆಯ ಮೇಲುಗಡೆ ಸೊಪ್ಪಿನ ಬೆಟ್ಟ, ಬೆಟ್ಟದ ಬುಡಕ್ಕೆ ಚೌಡಿ ಬನ. ಗುಡಿ ಇರಲಿಲ್ಲ. ಹೊನ್ನೆ, ಧೂಪ, ರಾಂಪತ್ರೆ ಮರಗಳ ನಡುವೆ ಮೂರು ಕಲ್ಲು, ಅಷ್ಟೆ. ಹಗಲಲ್ಲೂ ಒಳಗೆ ಬೆಳಕು ಇಳಿಯುತ್ತಿರಲಿಲ್ಲ. ರಾತ್ರಿ ಹೊತ್ತು ಹಾವಿಗೆ ಹಾವು ಅನ್ನದೆ ಹುಳ ಅನ್ನುವ ಹಾಗೆ, ದೀಪ ಹಚ್ಚಿದ ಮೇಲೆ ಅಜ್ಜಿ ಚೌಡಿಯ ಹೆಸರೆತ್ತುತ್ತಿರಲಿಲ್ಲ. "ಮೇಲಿನವಳು" ಅನ್ನುತ್ತಿದ್ದರು. ಹೊರಗಾದ ಹೆಂಗಸರು ಬನದ ದಿಕ್ಕಿಗೆ ಮುಖ ಹಾಕಿಯೂ ನಿಲ್ಲಬಾರದು. ಕಾಲಿಟ್ಟರೆ ಮನೆಯ ಗಂಡಸರಲ್ಲಿ ಒಬ್ಬ ಹೋಗುತ್ತಾನೆ. ಇದು ಅಜ್ಜಿ ಹೆದರಿಸಲು ಕಟ್ಟಿದ ಮಾತಲ್ಲ. ಅವರು ಹಾಗೆಂದು ನಂಬಿದ್ದರು, ನಂಬಿ ನಡುಗುತ್ತಿದ್ದರು.

ನನ್ನ ಅನುಮಾನ ಶುರುವಾಗಿದ್ದು ಒಂದು ನಾಯಿಯಿಂದ. ಏಳನೇ ಕ್ಲಾಸಿಗೆ ಹೋಗುವ ದಾರಿ ಬನದ ಬದಿಗೇ ಇತ್ತು. ನಮ್ಮ ಕರಿ ನಾಯಿ ದಿನಾ ನನ್ನ ಹಿಂದೆ ಬಂದು, ಸೀದಾ ಒಳಗೆ ಹೋಗಿ, ನಡುವಿನ ದೊಡ್ಡ ಕಲ್ಲಿನ ಪಕ್ಕ ಉಚ್ಚೆ ಹೊಯ್ದು ವಾಪಸು ಬರುತ್ತಿತ್ತು. ಅದಕ್ಕೇನೂ ಆಗಲಿಲ್ಲ. ಮರಿಗಳೂ ಆದವು. ಎಮ್ಮೆ ಬನದೊಳಗೆ ಹೋಗಿ ಸಗಣಿ ಹಾಕಿತು, ಅದಕ್ಕೂ ಏನೂ ಆಗಲಿಲ್ಲ. ಮತ್ತೆ, ಹಬ್ಬದಲ್ಲಿ ಮೈಮೇಲೆ ಬರುತ್ತಿದ್ದ ಪಾತ್ರಿಗೆ ಎಡಗಾಲು ಕುಂಟು. ಚೌಡಿ ಬಂದು ಕುಣಿಯುವಾಗಲೂ ಅವರು ಕುಂಟುತ್ತಲೇ ಕುಣಿಯುತ್ತಿದ್ದರು. ಬಂದವಳು ದೇವಿಯೇ ಆಗಿದ್ದರೆ ಅವಳಿಗೂ ಕುಂಟೇ ಎಂದು ಅಮ್ಮನನ್ನು ಕೇಳಿ ಕೆನ್ನೆಗೆ ಏಟು ತಿಂದಿದ್ದೆ.

ಇನ್ನೊಂದು ರಾತ್ರಿಯ ಓದಿನಲ್ಲಿ ಪೆಂಥೆ ಎಂಬ ಹುಡುಗಿ ಬಂದಳು. ಅರ್ಹಾಳ ಗೆಳತಿ, ದುಂಡಗಿನ ಮುಖದವಳು, ಸೇಬು ತಿನ್ನುವವಳು. ಆ ನಾಡಿನ ರಾಜನನ್ನೇ ಜನ ದೇವರೆಂದು ಪೂಜಿಸುತ್ತಾರೆ. ಪೆಂಥೆಗೆ ಅವನು ವಯಸ್ಸಾದ, ಬೋಳುತಲೆಯ ಮನುಷ್ಯ. ಎಲ್ಲರ ಹಾಗೆ ಅವನೂ ಕಾಲುಗುರು ಕತ್ತರಿಸಿಕೊಳ್ಳಬೇಕಲ್ಲ ಅನ್ನುತ್ತಾಳೆ. ಕೇಳಿದ ಅರ್ಹಾ ಬೆಚ್ಚುತ್ತಾಳೆ. ಇಷ್ಟು ಹಗುರವಾಗಿ, ಯಾವ ನೋವೂ ಇಲ್ಲದೆ ಒಬ್ಬಳು ನಂಬದೇ ಇರಬಹುದು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಮಗಳು ಕಿಲಕಿಲ ನಕ್ಕಳು. ನನಗೆ ಕುಂಟುವ ಪಾತ್ರಿ ಕಣ್ಣ ಮುಂದೆ ಬಂದು ಗಂಟಲು ಕಟ್ಟಿತು. ನಾನು ಪೆಂಥೆಯ ಹಾಗೆ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ನಾನು ಪರೀಕ್ಷೆ ಮಾಡಲು ಹೋದೆ.

1986ರ ಫೆಬ್ರವರಿ ಕೊನೆ. ನಾನು ದೊಡ್ಡವಳಾಗಿ ಎರಡು ತಿಂಗಳಾಗಿತ್ತಷ್ಟೆ. ಮಂಗಳವಾರ ಚೌಡಿ ಹಬ್ಬ. ಭಾನುವಾರ ಮಧ್ಯಾಹ್ನ ಹೊರಗಾದದ್ದು ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಸಂಜೆ ಕರುವನ್ನು ಹುಡುಕುವ ನೆಪದಲ್ಲಿ ಮೇಲೆ ಹತ್ತಿದೆ. ಬನದ ಬಾಯಿಯಲ್ಲಿ ಚಪ್ಪಲಿ ಬಿಟ್ಟೆ. ಪರೀಕ್ಷೆ ಮಾಡಲು ಬಂದವಳು ಚಪ್ಪಲಿ ಯಾಕೆ ಬಿಟ್ಟೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಣ್ಣು ಅರ್ಧ ಮುಚ್ಚಿಕೊಂಡು ಓಡಿದೆ. ಒಣಗಿದ ದರಗು ಕಾಲಡಿ ಪುಡಿಯಾಗುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ನಡುವಿನ ಕಲ್ಲನ್ನು ಬಲಗೈಯಿಂದ ಮುಟ್ಟಿದೆ. ತಣ್ಣಗಿತ್ತು, ಎಣ್ಣೆ ಜಿಡ್ಡಿತ್ತು. ವಾಪಸು ಓಡಿದೆ. ಏನೂ ಆಗಲಿಲ್ಲ. ಆ ರಾತ್ರಿ ಎದೆಯೊಳಗೆ ಎಂಥ ಹಿಗ್ಗು ಅಂದರೆ, ಮೆತ್ತಿನ ಮೇಲೆ ಮಲಗಿ ನಿದ್ದೆಯೇ ಬರಲಿಲ್ಲ.

ಬುಧವಾರ ಚಿಕ್ಕಪ್ಪನಿಗೆ ಜ್ವರ ಬಂತು.

ಅವರಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಎರಡು ವರ್ಷವಾಗಿತ್ತು. ತಲೆ ಸಿಡಿಯುತ್ತದೆ, ಕಣ್ಣು ಬಿಡಲಾಗುವುದಿಲ್ಲ, ಸೊಂಟ ಮುರಿದ ಹಾಗಾಗುತ್ತದೆ ಎಂದು ಜಗಲಿಯಲ್ಲಿ ಮುದುರಿಕೊಂಡರು. ನಾಲ್ಕನೇ ದಿನಕ್ಕೆ ವಸಡಿನಲ್ಲಿ ರಕ್ತ. ಎತ್ತಿನ ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಆಸ್ಪತ್ರೆಗೆ. ಡಾಕ್ಟರು ಮಂಗನ ಕಾಯಿಲೆ ಅಂದರಂತೆ. ಹನ್ನೊಂದನೇ ದಿನ ಅವರನ್ನು ಚಾಪೆಯಲ್ಲಿ ಸುತ್ತಿ ತಂದರು.

ಕಾಯಿಲೆಯ ಹೆಸರು ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು. ಮಂಗ ಸತ್ತು ಬಿದ್ದರೆ ಆ ಕಡೆ ಹೋಗಬಾರದು ಅನ್ನುವುದೂ ಗೊತ್ತಿತ್ತು. ಆದರೆ ಊರಿನ ಪ್ರಶ್ನೆಯೇ ಬೇರೆ. ದರಗು ಒಟ್ಟಲು ಆ ವಾರ ಹದಿನೈದು ಜನ ಬೆಟ್ಟಕ್ಕೆ ಹೋಗಿದ್ದರು. ಇವನಿಗೇ ಯಾಕೆ? ಇದಕ್ಕೆ ಡಾಕ್ಟರ ಹತ್ತಿರ ಉತ್ತರವಿರಲಿಲ್ಲ. ಪಾತ್ರಿಯ ಹತ್ತಿರ ಇತ್ತು. ಹದಿಮೂರರ ಕಾರ್ಯ ಮುಗಿದ ಮೇಲೆ ದರ್ಶನ ಕೇಳಿದಾಗ ಚೌಡಿ ಹೇಳಿದ್ದು ಎರಡೇ ಮಾತು: "ಮೈಲಿಗೆ ಆಗಿದೆ."

ಯಾರಿಂದ ಎಂದು ಅಪ್ಪಯ್ಯ ಕೇಳಿದರು. ಉತ್ತರ ಬರಲಿಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ, ಬಲಗೈಯನ್ನು ಲಂಗದೊಳಗೆ ಬಚ್ಚಿಟ್ಟುಕೊಂಡು.

ದೇವರಿಲ್ಲ ಎಂದು ತೋರಿಸಿಕೊಳ್ಳಲು ಹೋದವಳಿಗೆ ದೇವರಿದ್ದಾಳೆ ಎಂದು ಖಾತ್ರಿಯಾದದ್ದು ಹೀಗೆ. ಆ ಖಾತ್ರಿಯಲ್ಲಿ ಭಕ್ತಿ ಅನ್ನುವುದು ಒಂದು ಹನಿಯೂ ಇರಲಿಲ್ಲ.

ಓದಲು ಬೆಂಗಳೂರಿಗೆ ಬಂದದ್ದು 1991ರಲ್ಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಗೆಳತಿಯೊಬ್ಬಳು ಕರೆದುಕೊಂಡು ಹೋಗುತ್ತಿದ್ದಳು. ಎಚ್. ನರಸಿಂಹಯ್ಯನವರನ್ನು ನೋಡಿದ್ದು ಅಲ್ಲೇ: ಖಾದಿ ಪಂಚೆ, ಜುಬ್ಬ, ತಲೆ ಮೇಲೆ ಬಿಳಿ ಟೋಪಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದವರು. ಅಷ್ಟೆಲ್ಲ ಆಗಿ ಅವರು ಬದುಕಿದ್ದು ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ. ಪ್ರಶ್ನೆ ಕೇಳುವುದು ಪಾಪವಲ್ಲ ಎಂದು ನನ್ನ ಮೈಗೆ ತಾಗುವಂತೆ ಮೊದಲು ಅನ್ನಿಸಿದ್ದು ಆ ಸಭಾಂಗಣದಲ್ಲಿ. ಅವರಿಗೆ ನಾನು ಇವತ್ತಿಗೂ ಋಣಿ.

ಮಂಗನ ಕಾಯಿಲೆಯ ಬಗ್ಗೆ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದಿದೆ. ವೈರಸ್ಸು, ಅದನ್ನು ಹೊತ್ತು ತಿರುಗುವ ಉಣುಗು, ಸತ್ತ ಮಂಗನ ಮೈಯಿಂದ ಉದುರಿ ದರಗಿನೊಳಗೆ ಸೇರುವ ಉಣುಗು, ಮಳೆ ನಿಂತು ಕಾಡು ಒಣಗಿದ ಮೇಲೆ ಮುಂಗಾರಿನ ತನಕ ಏರುವ ಜ್ವರ. ಎಲ್ಲವೂ ತಿಳಿಯಿತು, ಎಲ್ಲವನ್ನೂ ಒಪ್ಪಿದೆ. ಗೆಳತಿಯರ ಮುಂದೆ ದೇವರಿಲ್ಲ ಅನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಆದರೆ 2010ರಲ್ಲಿ, ನಾಲ್ಕು ವರ್ಷದ ಮಗಳಿಗೆ ಡೆಂಗಿ ಬಂದು ವಸಡಿನಲ್ಲಿ ರಕ್ತ ಕಾಣಿಸಿಕೊಂಡ ರಾತ್ರಿ ನಾನು ಮಾಡಿದ್ದು ಏನು ಗೊತ್ತೇ? ಬಟ್ಟೆ ತರುತ್ತೇನೆಂದು ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಡನ ಹಳೇ ಪಂಚೆಯ ಅಂಚು ಹರಿದೆ. ಅರಿಶಿನದ ನೀರಲ್ಲಿ ಅದ್ದಿ, ಒಂದು ರೂಪಾಯಿ ಇಟ್ಟು, ಮೂರು ಗಂಟು ಹಾಕಿ ಮುಡಿಪು ಕಟ್ಟಿದೆ. ದೇವರ ಪಟವೇ ಇಲ್ಲದ ಮನೆ ನಮ್ಮದು. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಮಗು ಹುಷಾರಾಯಿತು. ಮುಡಿಪು ಒಪ್ಪಿಸಲೂ ಇಲ್ಲ, ಬಿಸಾಡಲೂ ಇಲ್ಲ. ಮನೆ ಬದಲಿಸಿದಾಗ ಅದೂ ನನ್ನ ಜೊತೆ ಬಂತು.

ಹೀಗಾಗಿ ಪುಸ್ತಕದ ನಾಲ್ಕನೇ ರಾತ್ರಿಯಿಂದ ನಾನು ಮಗಳಿಗಾಗಿ ಓದುತ್ತಿರಲಿಲ್ಲ. ಅವಳು ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿಕೊಂಡು ಮುಂದಿನ ಅಧ್ಯಾಯ ಮೊದಲೇ ಓದಿಕೊಳ್ಳುತ್ತಿದ್ದೆ. ಕೈದಿಗಳ ಪ್ರಸಂಗ ಬಂದಾಗ ಹಾಗೇ ಕಲ್ಲಾಗಿ ಕೂತೆ. ನೆಲದಡಿಯ ಕೋಣೆಯಲ್ಲಿ ಕಟ್ಟಿಹಾಕಿದ ಕೆಲವು ಗಂಡಸರು ಹೇಗೆ ಸಾಯಬೇಕು ಎಂದು ಹುಡುಗಿ ಅರ್ಹಾ ಹೇಳಬೇಕು. ಅನ್ನ ನೀರು ಕೊಡಬೇಡಿ ಅನ್ನುತ್ತಾಳೆ. ದೇವರ ಹೆಸರಿನಲ್ಲಿ ಆಡಿದ ಆ ಮಾತು ಕನಸಾಗಿ ಅವಳನ್ನು ಅಟ್ಟಿಸಿಕೊಂಡು ಬರುತ್ತದೆ. ಕೈಯಲ್ಲಿ ಸಾವು ಅಂಟಿದೆ ಅಂದುಕೊಂಡ ಹುಡುಗಿ ಹೇಗೆ ಮಲಗುತ್ತಾಳೆ, ಹೇಗೆ ಎದ್ದು ಊಟಕ್ಕೆ ಕೂರುತ್ತಾಳೆ ಅನ್ನುವುದು ಈ ಲೇಖಕಿಗೆ ಹೇಗೆ ಗೊತ್ತಾಯಿತೋ.

ಆಮೇಲೆ ಗೆಡ್ ಬರುತ್ತಾನೆ. ಮಂತ್ರವಾದಿ. ದೀಪ ತರಕೂಡದು ಎಂದು ಕಟ್ಟಳೆ ಇರುವ ಆ ಗವಿಯೊಳಗೆ, ಕೋಲಿನ ತುದಿಯಲ್ಲಿ ಬೆಳಕು ಹಿಡಿದು ನಿಂತಿರುತ್ತಾನೆ. ವರ್ಷಗಟ್ಟಲೆ ಕೈಯಿಂದ ತಡವಿಕೊಂಡೇ ಓಡಾಡಿದ್ದ ಗವಿಯನ್ನು ಅರ್ಹಾ ಅವತ್ತು ಮೊದಲ ಸಲ ನೋಡುತ್ತಾಳೆ. ಗೋಡೆಯ ತುಂಬ ಹರಳು. ಮಗಳಿಗೆ ಇದನ್ನು ಹೇಳುವಾಗ ನನ್ನ ದನಿ ನಡುಗಿ ಎರಡು ಸಲ ನಿಲ್ಲಿಸಬೇಕಾಯಿತು. ಬನದಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ಬರುವುದಿಲ್ಲ. ಓಡಿ ಹೋಗಿ ಓಡಿ ಬಂದವಳು ನಾನು, ನೋಡಿರಲೇ ಇಲ್ಲ.

ಮಗಳು ಕೇಳಿದಳು. "ಹಾಗಾದ್ರೆ ಆ ಹೆಸರಿಲ್ಲದವರು ಸುಳ್ಳಾ ಅಮ್ಮ? ಇಲ್ವಾ ಅವರು?"

ನಾನೂ ಅದನ್ನೇ ಕಾಯುತ್ತಿದ್ದೆ. ಇಲ್ಲ, ಎಲ್ಲ ಬರೀ ಭ್ರಮೆ ಎಂದು ಗೆಡ್ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಹಾಗನ್ನುವುದಿಲ್ಲ. ಅವರಿದ್ದಾರೆ, ಅವರ ಬಲವೂ ಇದೆ ಅನ್ನುತ್ತಾನೆ. ಆದರೆ ಅವರು ದೇವರುಗಳಲ್ಲ. ಏನನ್ನೂ ಹುಟ್ಟಿಸುವ ಶಕ್ತಿ ಅವರಿಗಿಲ್ಲ, ಕೊಡಲು ಅವರ ಹತ್ತಿರ ಏನೂ ಇಲ್ಲ. ಅವರನ್ನು ಇಲ್ಲವೆನ್ನುವುದೂ ಬೇಡ, ಮರೆಯುವುದೂ ಬೇಡ. ಪೂಜೆ ಮಾತ್ರ ಅವರಿಗೆ ಸಲ್ಲದು.

ಈ ಪುಟವನ್ನು ಮೂರು ಸಲ ಓದಿದೆ. ಉಪನ್ಯಾಸಗಳು ನನ್ನ ನಂಬಿಕೆಯನ್ನು ಬಿಡಿಸಿದ್ದವು. ಆದರೆ ಹೆದರಿಕೆ ಇನ್ನೂ ಉಳಿದಿದೆ ಎಂದು ಹೇಳಿಕೊಳ್ಳಲು ನನಗೇ ನಾಚಿಕೆಯಾಗುತ್ತಿತ್ತು. ನಂಬದವಳಿಗೆ ಎಂಥ ಹೆದರಿಕೆ? ಹೀಗಾಗಿ ಅದನ್ನು ಯಾರ ಮುಂದೂ ಬಿಚ್ಚಲಿಲ್ಲ, ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಹೆದರಿಕೆ ನಿಜ, ಅದರ ಬಲವೂ ನಿಜ, ಆದರೂ ಅದಕ್ಕೆ ಕೈಮುಗಿಯಬೇಕಾಗಿಲ್ಲ ಎಂದು ನನಗೆ ಮೊದಲು ಹೇಳಿದ್ದು ಈ ಕಟ್ಟುಕಥೆ. ಬನದ ಬಗ್ಗೆಯೂ ಆಗ ಬೇರೆ ಥರ ಯೋಚಿಸಲು ಸಾಧ್ಯವಾಯಿತು. ಸುತ್ತಲ ಕಾಡೆಲ್ಲ ಬೋಳಾದರೂ ಆ ಒಂದು ಎಕರೆಯ ಹೊನ್ನೆ, ರಾಂಪತ್ರೆ ಉಳಿದದ್ದು ಜನ ಹೆದರಿದ್ದರಿಂದಲೇ. ಹೆದರಿಕೆ ಹೋದ ಕಡೆ ಬನ ಕಡಿದು ಕಾಂಕ್ರೀಟು ಗುಡಿ ಕಟ್ಟಿದ್ದನ್ನೂ ನೋಡಿದ್ದೇನೆ. ಇದು ನನಗೆ ಸಮಾಧಾನವನ್ನೇನೂ ಕೊಡುವುದಿಲ್ಲ. ಆದರೆ ಬಿಟ್ಟು ಹೇಳುವುದೂ ಸರಿಯಲ್ಲ.

ಅದೇ ದಿನಗಳಲ್ಲಿ ಪೇಪರಿನ ತುಂಬ ನಮ್ಮ ತಾಲ್ಲೂಕಿನದೇ ಸುದ್ದಿ. ಅರಳಗೋಡು ಕಡೆ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದರು. ಬೆಳಗ್ಗೆ ಅದನ್ನು ಓದುವುದು, ರಾತ್ರಿ ಇದನ್ನು ಓದುವುದು. ಪುಸ್ತಕ ಮುಗಿದ ಶನಿವಾರವೇ ಮಗಳನ್ನು ಕರೆದುಕೊಂಡು ಊರಿಗೆ ಹೊರಟೆ. ಈ ಹೊತ್ತಲ್ಲಿ ಯಾಕೆ ಅಲ್ಲಿಗೆ ಎಂದು ಗಂಡ ಕೇಳಿದರು. ಚಿಕ್ಕಮ್ಮನ ಹತ್ತಿರ ಮಾತಾಡಬೇಕು ಅಂದೆ.

ಚಿಕ್ಕಮ್ಮ ಮತ್ತೆ ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಉಳಿದರು, ಅಪ್ಪಯ್ಯ ಹೋದ ಮೇಲೆ ತೋಟ ನೋಡಿಕೊಂಡವರೂ ಅವರೇ. ನಾವು ಹೋದಾಗ ಹಿತ್ತಲ ಕಡೆಯ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಬಾಗಿಲ ಪಕ್ಕ ಆರೋಗ್ಯ ಇಲಾಖೆಯವರು ಕೊಟ್ಟ ಡಿಎಂಪಿ ಎಣ್ಣೆಯ ಬಾಟಲಿ. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಬೇಕಂತೆ. ಮಗಳು ಕರುವಿನ ಹಿಂದೆ ಹೋದಳು. ನಾನು ಎದುರಿಗೆ ಮಣೆ ಹಾಕಿಕೊಂಡು ಕೂತೆ, ತಲೆ ಎತ್ತದೆ ಎಲ್ಲ ಹೇಳಿದೆ. ಭಾನುವಾರ, ಬನ, ಕಲ್ಲು, ಬಲಗೈ.

ಅವರ ಕೈ ನಿಂತಿತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಅಂದರು:

"ಆ ವರ್ಷ ಮೇಲಿನವಳಿಗೆ ಎಡೆ ಅಡಿಗೆ ಮಾಡಿದ್ದು ನಾನು. ನಿಮ್ಮಮ್ಮಂಗೆ ಜ್ವರ, ಅಜ್ಜಿಗೆ ಕಣ್ಣು ಕಾಣ್ತಿರ್ಲಿಲ್ಲ. ನಾನು ಹೊರಗಾಗಿ ಎರಡನೇ ದಿನ. ಬಾಯಿ ಬಿಟ್ರೆ ಹಬ್ಬ ನಿಲ್ಲುತ್ತೆ ಅಂತ ಸುಮ್ನಿದ್ದೆ." ಒಂದು ಅಡಿಕೆ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ಮೈಲಿಗೆ ಆಗಿದೆ ಅಂದ್ಳಲ್ಲ. ನಂಗೇ ಅಂದಿದ್ದು ಅಂತ ಇಷ್ಟು ವರ್ಷ."

ಒಂದೇ ಮನೆಯಲ್ಲಿ, ಒಂದೇ ಮಾತನ್ನು, ಇಬ್ಬರು ಹೊತ್ತುಕೊಂಡಿದ್ದೆವು. ದರ್ಶನದ ದಿನ ಅಲ್ಲಿದ್ದ ಇನ್ನುಳಿದ ಹೆಂಗಸರು ತಮ್ಮ ತಮ್ಮ ಮನೆಗೆ ಏನೇನು ಹೊತ್ತುಕೊಂಡು ಹೋದರೋ.

ದಿನ ಎಣಿಸಿದ್ದು ಆಗಲೇ. ಉಣುಗು ಕಚ್ಚಿ ಜ್ವರ ಬರಲು ಮೂರರಿಂದ ಎಂಟು ದಿನ ಬೇಕು ಚಿಕ್ಕಮ್ಮ, ಚಿಕ್ಕಪ್ಪ ದರಗಿಗೆ ಹೋಗಿದ್ದು ಯಾವಾಗ ಎಂದು ಕೇಳಿದೆ. ಅವರು ಯೋಚಿಸಬೇಕಾಗಲಿಲ್ಲ. "ಗುರುವಾರ. ಶುಕ್ರವಾರದಿಂದ ಹಬ್ಬದ ಕೆಲಸ, ಬೆಟ್ಟ ಹತ್ತಲೇ ಇಲ್ಲ. ಗುರುವಾರ ರಾತ್ರಿ ಚಿಮಣಿ ಹಿಡ್ಕೊಂಡು ಬೆನ್ನಿಂದ ಉಣುಗು ಕಿತ್ತಿದ್ದೆ. ಹನ್ನೊಂದು."

ನಾನು ಬನಕ್ಕೆ ಹೋಗಿದ್ದು ಭಾನುವಾರ. ಅವರು ಎಡೆ ಮಾಡಿದ್ದು ಮಂಗಳವಾರ.

"ಹಾಗಾದ್ರೆ ಮೊದಲೇ ಕಚ್ಚಿತ್ತು" ಅಂದರು ಚಿಕ್ಕಮ್ಮ, ತಮಗೆ ತಾವೇ ಹೇಳಿಕೊಂಡ ಹಾಗೆ. ನಾನು ಹೂಂ ಅಂದೆ. ಅವರ ಮುಖದಲ್ಲಿ ಏನೋ ಸಡಿಲಾಯಿತು ಅಂದುಕೊಳ್ಳುವಷ್ಟರಲ್ಲಿ ಕಣ್ಣು ತುಂಬಿತು.

"ಹನ್ನೊಂದು ಕಿತ್ತೆ. ಹನ್ನೆರಡನೇದು ನನ್ನ ಕಣ್ಣಿಗೆ ಬೀಳ್ಲಿಲ್ಲೇನೋ ಮಾರಾಯ್ತಿ."

"ಮರಿ ಉಣುಗು ಎಳ್ಳಿನಷ್ಟೂ ಇರಲ್ಲ ಚಿಕ್ಕಮ್ಮ. ಯಾರ ಕಣ್ಣಿಗೂ ಬೀಳಲ್ಲ. ಕಿತ್ತಿದ್ದರಲ್ಲೇ ಒಂದು ಆಗಲೇ ಕಚ್ಚಿ ಮುಗಿಸಿರಬಹುದು."

ಕೇಳಿಸಿತೋ ಇಲ್ಲವೋ. ಅಡಿಕೆಯ ಚೊಗರಿನಿಂದ ಕಪ್ಪಾದ ಅವರ ಬೆರಳುಗಳನ್ನು ನನ್ನ ಬಲಗೈಯಲ್ಲಿ ಹಿಡಿದುಕೊಂಡೆ. ಕೊಟ್ಟಿಗೆಯ ಕಡೆಯಿಂದ ಮಗಳು ಕೂಗುತ್ತಿದ್ದಳು. ಕರು ತಪ್ಪಿಸಿಕೊಂಡು ಮೇಲೆ ಬನದ ಕಡೆ ಓಡಿತಂತೆ, ಹಿಡಿದುಕೊಂಡು ಬರಲಾ ಎಂದು. ಚಿಕ್ಕಮ್ಮ ನನ್ನ ಮುಖ ನೋಡಿದರು. ಆಮೇಲೆ ಎದ್ದು, ಬಾಗಿಲ ಪಕ್ಕದ ಬಾಟಲಿ ತೆಗೆದುಕೊಂಡು ಅಂಗಳಕ್ಕೆ ಇಳಿದರು.

"ನಿಲ್ಲೇ ಪುಟ್ಟಿ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗು" ಅಂದರು.